ರೆಪ್ಪೆಯ ಗಂಟು: ಪರೀಕ್ಷೆಯ ಮೇಜಿನಿಂದ ಪೆಥಾಲಜಿ ವರದಿಯವರೆಗೆ

ರೆಪ್ಪೆಯ ಮೇಲಿನ ಗಂಟುಗಳಲ್ಲಿ ಹೆಚ್ಚಿನವು ನಿರಪಾಯದವು. ತೊಂದರೆ ಏನೆಂದರೆ, ನಮ್ಮ ದೇಶದಲ್ಲಿ ಹೆಚ್ಚು ಕಾಣುವ ರೆಪ್ಪೆಯ ಕ್ಯಾನ್ಸರ್ ಕೂಡ ಬಹಳ ದಿನ ನಿರಪಾಯದ ಗಂಟಿನ ವೇಷದಲ್ಲೇ ಇರುತ್ತದೆ. ಪಾಶ್ಚಾತ್ಯ ಪಠ್ಯಪುಸ್ತಕ ತೆರೆದರೆ ರೆಪ್ಪೆಯ ಕ್ಯಾನ್ಸರ್ ಎಂದರೆ ನೂರಕ್ಕೆ ತೊಂಬತ್ತು ಬೇಸಲ್ ಸೆಲ್ ಕಾರ್ಸಿನೋಮ ಎಂದಿರುತ್ತದೆ. ಭಾರತದ ಲೆಕ್ಕ ಬೇರೆ. ಹೈದರಾಬಾದಿನ ಕಣ್ಣಾಸ್ಪತ್ರೆಯೊಂದು 536 ರೋಗಿಗಳನ್ನು ಲೆಕ್ಕ ಹಾಕಿದಾಗ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಇದ್ದದ್ದು ಎಣ್ಣೆಗ್ರಂಥಿಯ ಕ್ಯಾನ್ಸರ್, ಅಂದರೆ ಸೆಬೇಶಿಯಸ್ ಕಾರ್ಸಿನೋಮ. ಬೇಸಲ್ ಸೆಲ್ ಸುಮಾರು ಕಾಲು ಭಾಗ, ಸ್ಕ್ವೇಮಸ್ ಸೆಲ್ ಅದಕ್ಕೂ ಕಡಿಮೆ. ಸೆಬೇಶಿಯಸ್ ಕಾರ್ಸಿನೋಮ ಮೊದಲಿಗೆ ಕಾಣುವುದು ಕೆಲೇಜಿಯನ್ ಹಾಗೆ, ಅಂದರೆ ಸಾಮಾನ್ಯ ಕಣ್ಣಿನ ಗುಳ್ಳೆಯ ಹಾಗೆ. ಅದನ್ನು ಒಮ್ಮೆ ಕೆರೆದು ಕಳಿಸುತ್ತಾರೆ, ಮತ್ತೆ ಬರುತ್ತದೆ, ಮತ್ತೆ ಕೆರೆಯುತ್ತಾರೆ. ಕೆರೆದದ್ದು ಪ್ರತಿ ಸಲವೂ ಹತ್ತಿಯ ಜೊತೆ ಕಸದ ಬುಟ್ಟಿ ಸೇರುತ್ತದೆ.

ಕೊಡಗಿನ ತಾಲ್ಲೂಕು ಆಸ್ಪತ್ರೆಗಳಲ್ಲಿ, ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ರೆಪ್ಪೆಯ ಗಂಟು ನೋಡುವ ವೈದ್ಯರು, ನೇತ್ರ ಸಹಾಯಕರು, ಬಾಟಲಿಗೆ ಚೀಟಿ ಅಂಟಿಸುವ ಸಿಸ್ಟರ್‌ಗಳು, ಆ ಬಾಟಲಿಯನ್ನು ತೆರೆಯುವ ಲ್ಯಾಬ್ ಟೆಕ್ನಿಷಿಯನ್‌ಗಳು, ಇವರೆಲ್ಲರ ಕೈಗೆ ಇರಲಿ ಎಂದು ಈ ಕೈಪಿಡಿ. ರೋಗಿಯ ಮನೆಯವರು ಓದಿದರೂ ವರದಿ ಅರ್ಥಮಾಡಿಕೊಳ್ಳಲು ನೆರವಾದೀತು.

ಯಾವ ಪದರ, ಯಾವ ಗಂಟು

ರೆಪ್ಪೆಯನ್ನು ಹೊರಗಿನಿಂದ ಒಳಕ್ಕೆ ನೋಡುತ್ತ ಹೋದರೆ ಚರ್ಮ, ಅದರಡಿ ಕಣ್ಣು ಮುಚ್ಚುವ ಸ್ನಾಯು, ಆಮೇಲೆ ಟಾರ್ಸಸ್ ಎಂಬ ಗಟ್ಟಿ ಫಲಕ, ಕೊನೆಗೆ ಕಣ್ಣಿಗೆ ತಾಗುವ ಕಂಜಂಕ್ಟೈವಾ. ಚರ್ಮ ಒಂದು ಮಿಲಿಮೀಟರಿಗಿಂತ ತೆಳು; ಮೈಯಲ್ಲೆಲ್ಲ ಇದಕ್ಕಿಂತ ತೆಳು ಚರ್ಮವಿಲ್ಲ. ಟಾರ್ಸಸ್ ಮೇಲಿನ ರೆಪ್ಪೆಯಲ್ಲಿ ಸುಮಾರು 10 ಮಿ.ಮೀ. ಎತ್ತರ, ಕೆಳಗಿನದರಲ್ಲಿ ಸುಮಾರು 4. ಎಣ್ಣೆ ಸುರಿಸುವ ಮೈಬೋಮಿಯನ್ ಗ್ರಂಥಿಗಳು ಈ ಫಲಕದೊಳಗೇ ಇವೆ: ಮೇಲೆ 25ರಿಂದ 40, ಕೆಳಗೆ 20ರಿಂದ 30. ಕೂದಲಿನ ಬುಡದಲ್ಲಿರುವ ಪುಟ್ಟ ಎಣ್ಣೆಗ್ರಂಥಿ ಝೈಸ್, ಅಲ್ಲೇ ಇರುವ ಬೆವರಿನ ಗ್ರಂಥಿ ಮೋಲ್.

ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಗಂಟು ಯಾವ ಪದರದಲ್ಲಿದೆ ಎಂದು ಬೆರಳಿಗೆ ತಿಳಿದರೆ ಅರ್ಧ ರೋಗನಿದಾನ ಆದಂತೆಯೇ. ಚರ್ಮದ ಜೊತೆ ಗಂಟು ಸರಿದಾಡಿದರೆ ಅದು ಚರ್ಮದ್ದು. ಗಂಟಿನ ಮೇಲೆ ಚರ್ಮ ಸಲೀಸಾಗಿ ಜಾರಿ, ಗಂಟು ಫಲಕಕ್ಕೆ ಅಂಟಿಕೊಂಡಿದ್ದರೆ ಅದು ಮೈಬೋಮಿಯನ್ ಗ್ರಂಥಿಯದು. ಅಲ್ಲಿ ಎರಡೇ ಸಾಧ್ಯತೆ ಮುಖ್ಯ: ಕೆಲೇಜಿಯನ್, ಇಲ್ಲವೇ ಸೆಬೇಶಿಯಸ್ ಕಾರ್ಸಿನೋಮ. ಮೇಲಿನ ರೆಪ್ಪೆಯಲ್ಲಿ ಈ ಗ್ರಂಥಿಗಳು ಹೆಚ್ಚು, ಹಾಗಾಗಿ ಈ ಕ್ಯಾನ್ಸರ್ ಕೂಡ ಅಲ್ಲೇ ಹೆಚ್ಚು.

ಮೊದಲು ಕಣ್ಣಿನಿಂದ, ಆಮೇಲೆ ಚಾಕುವಿನಿಂದ

ಕಣ್ಣು ನೋಡುವ ಸೂಕ್ಷ್ಮದರ್ಶಕ, ಅಂದರೆ ಸ್ಲಿಟ್ ಲ್ಯಾಂಪ್, ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಳ್ಳೆಯ ಟಾರ್ಚು ಮತ್ತು ಭೂತಗನ್ನಡಿ ಸಾಕು. ಮೊದಲು ನೋಡಬೇಕಾದ್ದು ರೆಪ್ಪೆಗೂದಲು. ಗಂಟು ಇರುವಷ್ಟೇ ಜಾಗದಲ್ಲಿ ಕೂದಲು ಉದುರಿದ್ದರೆ, ಅಥವಾ ಅಂಚಿನ ಗೆರೆ ಅಲ್ಲಿ ಮಾಸಿಹೋಗಿದ್ದರೆ, ಕ್ಯಾನ್ಸರ್ ಇಲ್ಲ ಎಂದು ಸಾಬೀತಾಗುವ ತನಕ ಅದನ್ನು ಕ್ಯಾನ್ಸರ್ ಎಂದೇ ಹಿಡಿಯಿರಿ. ಎರಡೂ ಕಣ್ಣಿನಲ್ಲಿ ಹುಬ್ಬಿನ ಸಮೇತ ಕೂದಲು ಉದುರಿದ್ದರೆ ದಾರಿ ಬೇರೆ; ಕುಷ್ಠ ಮತ್ತು ಥೈರಾಯ್ಡ್ ಎರಡನ್ನೂ ಯೋಚಿಸಿ.

ಎರಡನೆಯದು, ರೆಪ್ಪೆಯನ್ನು ಮಡಚಿ ಒಳಮೈ ನೋಡುವುದು. ಮಡಚದೆ ಬರೆದ ಪರೀಕ್ಷೆಗೆ ಬೆಲೆಯಿಲ್ಲ. ಕೆಲೇಜಿಯನ್ ಒಳಗಿನಿಂದ ನಯವಾಗಿ, ಕೆಂಪು ಇಲ್ಲವೇ ಬೂದು ಬಣ್ಣದ ಒಂದೇ ಉಬ್ಬಾಗಿ ಕಾಣುತ್ತದೆ. ಒಳಮೈ ಒರಟಾಗಿ, ಹಳದಿ ಮಿಶ್ರಿತ ಬಿಳಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ರಕ್ತ ಒಸರಿದರೆ ಅದು ಕೆಲೇಜಿಯನ್ ಅಲ್ಲ. ಆಮೇಲೆ ಕಿವಿಯ ಮುಂದೆ, ದವಡೆಯ ಕೆಳಗೆ, ಕುತ್ತಿಗೆಯಲ್ಲಿ ದುಗ್ಧಗ್ರಂಥಿಗಳನ್ನು ಒತ್ತಿ ನೋಡಿ. ಪಕ್ಕದಲ್ಲಿ ಸ್ಕೇಲು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಣ್ಣು ಮುಚ್ಚಿಸಿ ಒಂದು ಫೋಟೋ, ರೆಪ್ಪೆ ಮಡಚಿ ಇನ್ನೊಂದು. ಅಳತೆಯನ್ನು ಮಿಲಿಮೀಟರಿನಲ್ಲೇ ಬರೆಯಿರಿ. ‘ಬಟಾಣಿ ಗಾತ್ರ’ ಎಂದು ಬರೆದರೆ ಆರು ತಿಂಗಳ ಮೇಲೆ ಯಾರಿಗೂ ಏನೂ ತಿಳಿಯದು.

ಕೇಳುವ ಪ್ರಶ್ನೆ ಒಂದೇ ಆದರೂ ಸರಿಯಾಗಿ ಕೇಳಬೇಕು. ‘ಎಷ್ಟು ದಿನದಿಂದ?’ ಎಂದರೆ ‘ಮೊನ್ನೆಯಿಂದ’ ಎಂಬ ಉತ್ತರವೇ ಬರುವುದು. ‘ಅಜ್ಜ, ಹೋದ ವರ್ಷ ಕುಯ್ಲಿನ ಹೊತ್ತಿಗೆ ಇದೇ ಜಾಗದಲ್ಲಿ ಗುಳ್ಳೆ ಎದ್ದಿತ್ತಾ? ಎಲ್ಲಾದರೂ ಕೆರೆಸಿದ್ದಿರಾ?’ ಎಂದು ಕೇಳಿ. ಗುಳ್ಳೆ ಬೇರೆ ಬೇರೆ ಜಾಗದಲ್ಲಿ ಬರುತ್ತಿದ್ದರೆ ಅಷ್ಟು ಆತಂಕ ಬೇಡ. ರೆಪ್ಪೆಯ ಅಂಚಿನ ಉರಿಯೂತ ಇರುವವರಿಗೆ ಹಾಗೆ ಆಗುತ್ತಲೇ ಇರುತ್ತದೆ. ಅದೇ ಜಾಗದಲ್ಲಿ ಮರಳಿ ಬಂದರೆ ಕತ್ತರಿಸಿದ್ದು ಲ್ಯಾಬಿಗೆ ಹೋಗಲೇಬೇಕು. ತಿಂಗಳುಗಟ್ಟಲೆ ಔಷಧಿಗೆ ಬಗ್ಗದ, ಒಂದೇ ಕಣ್ಣಿನ ಕೆಂಪು ಮತ್ತು ಅಂಚಿನ ಉರಿಯೂತಕ್ಕೂ ಇದೇ ಮಾತು. ಗಂಟೇ ಇಲ್ಲದೆ ರೆಪ್ಪೆಯ ಉದ್ದಕ್ಕೂ ಹರಡುವ ಸೆಬೇಶಿಯಸ್ ಕಾರ್ಸಿನೋಮ ಹಾಗೆಯೇ ಕಾಣುವುದು.

ಚಾಕು ಹಿಡಿಯುವ ಮೊದಲು ನಮ್ಮ ತೋಟದ ಸೀಮೆಯ ಒಂದು ಮಾತು. ರೆಪ್ಪೆಯ ಅಂಚಿನಲ್ಲಿ ‘ಎರಡು ದಿನದಿಂದ ಮಚ್ಚೆ ಬೆಳೆಯುತ್ತಿದೆ’ ಎಂದು ಬರುವ ಬೂದು ಇಲ್ಲವೇ ಕಂದು ಉಬ್ಬನ್ನು ಭೂತಗನ್ನಡಿಯಲ್ಲಿ ನೋಡಿ. ಬುಡದ ಹತ್ತಿರ ಕಾಲುಗಳು ಕಂಡರೆ ಅದು ಉಣ್ಣಿ. ರಕ್ತ ಹೀರಿ ಊದಿದ ಮೇಲೆ ಬರಿಗಣ್ಣಿಗೆ ಮಚ್ಚೆಯಂತೆಯೋ ನರೂಲಿಯಂತೆಯೋ ಕಾಣುತ್ತದೆ. ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ, ನಿಧಾನ ಎಳೆಯಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡವೇ ಬೇಡ. ಬಾಯಿಯ ಭಾಗ ಒಳಗೆ ಮುರಿದು ಉಳಿದರೆ ಅಲ್ಲೊಂದು ಗಟ್ಟಿ ಗಂಟಾಗಿ, ವಾರಗಳ ನಂತರ ಅದೇ ಬಯಾಪ್ಸಿಗೆ ಬರುತ್ತದೆ. ಮುಂದಿನ ಎರಡು ಮೂರು ವಾರ ಜ್ವರ ಬಂದರೆ ತಿಳಿಸಲು ಹೇಳಿ ಕಳಿಸಿ.

ನಿರಪಾಯದ ಗುಂಪು, ಬೇಗ ಬೇಗ

ಕಣ್ಣಿನ ಕುರು ಎರಡು ದಿನದಲ್ಲಿ ಊದಿ, ಕೆಂಪಾಗಿ, ಮುಟ್ಟಿದರೆ ನೋಯುತ್ತದೆ. ಕೂದಲ ಬುಡದಲ್ಲಿ ಕೀವು ತುಂಬುತ್ತದೆ. ದಿನಕ್ಕೆ ನಾಲ್ಕು ಸಲ, ಹತ್ತು ಹತ್ತು ನಿಮಿಷ ಬಿಸಿನೀರಿನ ಬಟ್ಟೆ ಇಟ್ಟರೆ ಹೆಚ್ಚಿನವು ಒಡೆದು ವಾಸಿಯಾಗುತ್ತವೆ. ಇದಕ್ಕೆ ಲ್ಯಾಬ್ ಬೇಕಿಲ್ಲ.

ಮೂಗಿನ ಬದಿಯ ರೆಪ್ಪೆಯ ಮೇಲೆ ಹಳದಿ ಚಪ್ಪಟೆ ತೇಪೆಗಳು ಜ್ಯಾಂತಲಾಸ್ಮಾ. ಸೂಕ್ಷ್ಮದರ್ಶಕದಲ್ಲಿ ಚರ್ಮದ ಮೇಲ್ಪದರದ ರಕ್ತನಾಳಗಳ ಸುತ್ತ ಕೊಬ್ಬು ತುಂಬಿದ ನೊರೆಕೋಶಗಳು. ಇಂಥವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಯ ರಕ್ತದಲ್ಲಿ ಕೊಬ್ಬು ಹೆಚ್ಚಿರುತ್ತದೆ, ಹಾಗಾಗಿ ತೇಪೆಗಿಂತ ಮೊದಲು ರಕ್ತ ನೋಡಿ.

ನಡುವೆ ಹೊಕ್ಕುಳಿನ ಹಾಗೆ ತಗ್ಗಿರುವ ಮುತ್ತಿನಂಥ ಸಣ್ಣ ಗುಳ್ಳೆ ಮೊಲಸ್ಕಮ್. ವೈರಸ್ಸಿನಿಂದ ಬರುತ್ತದೆ, ಮಕ್ಕಳಲ್ಲಿ ಹೆಚ್ಚು. ಅದರ ಜೊತೆ ಕಣ್ಣು ಕೆಂಪಾಗಿದ್ದರೆ ಗುಳ್ಳೆ ತೆಗೆಯುವ ತನಕ ಕೆಂಪು ಹೋಗದು. ದೊಡ್ಡವರಲ್ಲಿ ಹಲವಾರು ದೊಡ್ಡ ಗುಳ್ಳೆಗಳು ಎದ್ದಿದ್ದರೆ ಎಚ್‌ಐವಿ ಪರೀಕ್ಷೆ ಮಾಡಿಸಬೇಕು.

ಸೆಬೊರಿಕ್ ಕೆರಟೋಸಿಸ್ ವಯಸ್ಸಾದವರಲ್ಲಿ, ಚರ್ಮಕ್ಕೆ ಮೆತ್ತಿದಂತೆ ಕಾಣುವ ಕಂದು ಗಂಟು. ಸ್ಲೈಡಿನಲ್ಲಿ ಕೆರಟಿನ್ (ಚರ್ಮದ ಗಟ್ಟಿ ಪ್ರೊಟೀನು) ತುಂಬಿದ ಹುಸಿ ಚೀಲಗಳು ಸಿಕ್ಕರೆ ಬೇರೆ ಹುಡುಕಬೇಕಾಗಿಲ್ಲ. ನೀರುತುಂಬಿದ ಹೊಳೆಯುವ ಗುಳ್ಳೆ ಹೈಡ್ರೋಸಿಸ್ಟೋಮ, ಒಳಗೋಡೆಯಲ್ಲಿ ಎರಡು ಸಾಲು ಕೋಶ. ಹುಬ್ಬಿನ ಹೊರತುದಿಯಲ್ಲಿ ಹುಟ್ಟಿನಿಂದಲೇ ಇರುವ ಗಟ್ಟಿ ಉಂಡೆ ಡರ್ಮಾಯ್ಡ್. ಅದು ಮೂಳೆಗಳು ಕೂಡುವ ಗೆರೆಗೆ ಅಂಟಿರಬಹುದು, ಸಿ.ಟಿ. ಮಾಡಿಸದೆ ಕೈ ಹಾಕಬೇಡಿ. ಹಾಲುಗೂಸಿನ ರೆಪ್ಪೆಯಲ್ಲಿ ಕೆಂಪಗೆ ಬೆಳೆಯುವ ರಕ್ತನಾಳದ ಗಂಟಿಗೂ ಚಾಕು ಬೇಡ. ಅದು ಪಾಪೆಯನ್ನು ಮುಚ್ಚಿದರೆ ದೃಷ್ಟಿ ಬೆಳೆಯದೆ ಸೋಂಬೇರಿಕಣ್ಣು ಆಗುತ್ತದೆ. ಪ್ರೊಪ್ರನೊಲಾಲ್ ಎಂಬ ಔಷಧಿ ಶುರುಮಾಡಲು ಮಕ್ಕಳ ವೈದ್ಯರ ಬಳಿ ಆ ವಾರವೇ ಕಳಿಸಿ. ಹುಡುಗರ ಹುಬ್ಬು, ಮೇಲ್ರೆಪ್ಪೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ಗಂಟು ಪೈಲೋಮ್ಯಾಟ್ರಿಕ್ಸೋಮ. ಅದರೊಳಗೆ ಸುಣ್ಣ ಕಟ್ಟಿರುತ್ತದೆ ಎಂದು ಚೀಟಿಯಲ್ಲಿ ಬರೆದರೆ ಟೆಕ್ನಿಷಿಯನ್ನರ ಬ್ಲೇಡು ಉಳಿಯುತ್ತದೆ.

ಕೆರೆ, ಹೊಂಡದ ನೀರಿಗಿಳಿಯುವವರಲ್ಲಿ, ಅದರಲ್ಲೂ ಕೇರಳದ ಕಡೆಯಿಂದ ಬಂದವರಲ್ಲಿ, ರೆಪ್ಪೆಯ ಒಳಮೈಯಿಂದ ಜೋತುಬಿದ್ದ ಕೆಂಪು ಮಾಂಸದ ಕುಡಿ ಕಂಡರೆ ರೈನೋಸ್ಪೊರಿಡಿಯೋಸಿಸ್ ನೆನಪಾಗಲಿ. ಅದರ ಮೈತುಂಬ ಬರಿಗಣ್ಣಿಗೇ ಕಾಣುವ ಬಿಳಿ ಚುಕ್ಕೆಗಳಿರುತ್ತವೆ; ಒಂದೊಂದು ಚುಕ್ಕೆಯೂ ದಪ್ಪ ಗೋಡೆಯ, ಬೀಜಕಣ ತುಂಬಿದ ಚೀಲ. ಮಾಮೂಲಿ ಕಲ್ಚರಿನಲ್ಲಿ ಇದು ಬೆಳೆಯುವುದಿಲ್ಲ, ಸ್ಲೈಡೇ ಗತಿ. ಬುಡಸಮೇತ ತೆಗೆದು ಬುಡ ಸುಡದಿದ್ದರೆ ಮರಳುತ್ತದೆ.

ರೆಪ್ಪೆಯ ನರೂಲಿಗೆ ಸುಣ್ಣ ಮತ್ತು ಸೋಡಾ ಹಚ್ಚುವ ಅಭ್ಯಾಸದ ಬಗ್ಗೆ ಖಂಡಿತವಾಗಿ ಹೇಳಬೇಕು. ಸುಣ್ಣ ಕಣ್ಣಿಗೆ ಇಳಿದರೆ ಕಪ್ಪುಗುಡ್ಡೆಯನ್ನೇ ಸುಡುತ್ತದೆ. ಸುಟ್ಟ ಮೇಲೆ ಬಂದವರ ಬಯಾಪ್ಸಿಯಲ್ಲಿ ಸತ್ತ ಅಂಗಾಂಶ ಬಿಟ್ಟರೆ ಓದಲು ಏನೂ ಉಳಿದಿರುವುದಿಲ್ಲ.

ಕತ್ತರಿಸುವಾಗ

ಗಂಟು ಸಣ್ಣದಿದ್ದು ನಿರಪಾಯದ್ದೆಂದು ಕಂಡರೆ ಪೂರ್ತಿ ತೆಗೆಯಿರಿ. ಕ್ಯಾನ್ಸರ್ ಅನುಮಾನವಿದ್ದು ದೊಡ್ಡದಿದ್ದರೆ ಮೊದಲು ಒಂದು ತುಂಡು ಮಾತ್ರ. ತುಂಡು ತೆಗೆದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ ಎಂಬ ಹೆದರಿಕೆ ಊರಲ್ಲಿದೆ. ಬಯಾಪ್ಸಿ ತಪ್ಪಿಸಿಕೊಂಡು ಕುಯ್ಲು ಮುಗಿಯಲಿ, ಹುತ್ತರಿ ಕಳೆಯಲಿ ಎಂದು ಮುಂದೂಡಿದ ತಿಂಗಳುಗಳಲ್ಲೇ ಅದು ಹರಡುವುದು.

2 ಪರ್ಸೆಂಟ್ ಲಿಗ್ನೊಕೇನ್ ಮತ್ತು ಅಡ್ರಿನಾಲಿನ್ ಮಿಶ್ರಣ ಒಂದೆರಡು ಮಿ.ಲೀ. ಸಾಕು. ಗಂಟಿನೊಳಗೆ ಚುಚ್ಚಬೇಡಿ, ಸುತ್ತ ಚುಚ್ಚಿ. ಒಳಗೆ ಚುಚ್ಚಿದರೆ ಅಂಗಾಂಶ ನೀರು ಕುಡಿದು ಊದಿ, ಸ್ಲೈಡಿನಲ್ಲಿ ಪದರಗಳೆಲ್ಲ ಕಿತ್ತು ನಿಂತಿರುತ್ತವೆ. ಚುಚ್ಚಿದ ಮೇಲೆ ಏಳೆಂಟು ನಿಮಿಷ ಕಾಯಿರಿ. ರಕ್ತ ಕಡಿಮೆ ಆಗುವುದು ಆಮೇಲೆಯೇ.

ಬೇಸಲ್ ಸೆಲ್ ಎಂದು ಕಂಡ ಹುಣ್ಣಿಗೆ ಅಂಚಿನಿಂದ, ಒಂದಿಷ್ಟು ಒಳ್ಳೆಯ ಚರ್ಮವೂ ಸೇರುವಂತೆ, 3 ಮಿ.ಮೀ. ಪಂಚ್ ಬಯಾಪ್ಸಿ ಸಾಕು. ಹುಣ್ಣಿನ ನಡುವಿನಿಂದ ತೆಗೆದರೆ ಬರುವುದು ಬರೀ ಕೊಳೆತ ಭಾಗ. ಸೆಬೇಶಿಯಸ್ ಅನುಮಾನಕ್ಕೆ ಮೇಲಿಂದ ಹೆರೆದ ತುಂಡು ಪ್ರಯೋಜನವಿಲ್ಲ, ಕ್ಯಾನ್ಸರ್ ಇರುವುದು ಟಾರ್ಸಸ್ಸಿನೊಳಗೆ. ಅಂಚಿನಿಂದ ಪೂರ್ಣ ದಪ್ಪದ, ಚರ್ಮದಿಂದ ಕಂಜಂಕ್ಟೈವಾವರೆಗಿನ ಬೆಣೆಯಾಕಾರದ ತುಂಡು ಬೇಕು. ರೆಪ್ಪೆಯ ಉದ್ದದ ಕಾಲು ಭಾಗದವರೆಗೆ ತೆಗೆದರೂ ನೇರ ಹೊಲಿಯಬಹುದು. ವಯಸ್ಸಾದವರ ರೆಪ್ಪೆ ಸಡಿಲ, ಮೂರನೇ ಒಂದರವರೆಗೂ ನಡೆಯುತ್ತದೆ. ಕೆಲೇಜಿಯನ್ ಎಂದೇ ತೆರೆದು ನೋಡಿದಾಗ ಮೆತ್ತನೆಯ ಜೆಲ್ಲಿಯ ಬದಲು ಗಟ್ಟಿ, ಹಳದಿ, ಪುಡಿಪುಡಿಯಾಗುವ ವಸ್ತು ಬಂದರೆ ಅಲ್ಲೇ ನಿಲ್ಲಿಸಿ, ಗೋಡೆಯ ಒಂದು ತುಂಡನ್ನು ಕತ್ತರಿಯಿಂದ ತೆಗೆದು ಬಾಟಲಿಗೆ ಹಾಕಿ. ಕೆರೆದ ರಸ ಮಾತ್ರ ಕಳಿಸಿದರೆ ಸಾಲದು.

ಮೊನೆಯಲ್ಲಿ ಹಲ್ಲುಳ್ಳ ಚಿಮಟದಿಂದ ತುಂಡನ್ನು ಹಿಸುಕಬೇಡಿ. ಹಿಸುಕಿದ ಕೋಶಗಳು ನೀಲಿ ಗೆರೆಗಳಾಗಿ ಎಳೆದುಹೋಗುತ್ತವೆ. ಲಿಂಫೋಮವೋ, ಮರ್ಕೆಲ್ ಸೆಲ್ ಎಂಬ ಕ್ಯಾನ್ಸರೋ, ಬರೀ ಉರಿಯೂತವೋ ಎಂದು ಹೇಳಲು ಬರುವುದಿಲ್ಲ. ರಕ್ತ ನಿಲ್ಲಿಸಲು ಸುಡುವ ಕಾಟರಿಯನ್ನು ತುಂಡು ಹೊರಬಂದ ಮೇಲೆ, ಅದು ಇದ್ದ ಜಾಗಕ್ಕೆ ಮಾತ್ರ ಬಳಸಿ. ಸುಟ್ಟ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೋ ಇಲ್ಲವೋ ಎಂದು ಯಾವ ಪೆಥಾಲಜಿಸ್ಟರೂ ಹೇಳಲಾರರು.

ಬಾಟಲಿ ಮತ್ತು ಚೀಟಿ

ಅರ್ಧ ತಪ್ಪುಗಳು ಆಗುವುದು ಇಲ್ಲಿ.

ತುಂಡು ಕೆಡದಂತೆ ಇಡಲು ಬೇಕಾದದ್ದು 10 ಪರ್ಸೆಂಟ್ ಬಫರ್ಡ್ ಫಾರ್ಮಲಿನ್. ಒಂದು ಲೀಟರಿಗೆ ಅಂಗಡಿಯ ಗಾಢ ಫಾರ್ಮಲಿನ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಕೈಗವಸು ಹಾಕಿ, ಕಿಟಕಿ ತೆರೆದು ಬೆರೆಸಿ. ಲವಣ ಹಾಕದೆ ನೀರಷ್ಟೇ ಬೆರೆಸಿಟ್ಟ ಫಾರ್ಮಲಿನ್ ದಿನ ಹೋದಂತೆ ಆಮ್ಲವಾಗುತ್ತದೆ. ಆಮ್ಲ ಫಾರ್ಮಲಿನ್ ರಕ್ತದ ಜೊತೆ ಸೇರಿ ಕಂದುಗಪ್ಪು ಕಣಗಳನ್ನು ಬಿಡುತ್ತದೆ, ಸ್ಲೈಡಿನಲ್ಲಿ ಅದು ಚರ್ಮದ ಕಪ್ಪುಬಣ್ಣವಾದ ಮೆಲನಿನ್ ಹಾಗೇ ಕಾಣುತ್ತದೆ. ಮಚ್ಚೆಯ ಬಯಾಪ್ಸಿಯಲ್ಲಿ ಇದು ಎಷ್ಟು ಗೊಂದಲ ಎಬ್ಬಿಸಬಹುದು ಊಹಿಸಿ.

ಮಡಿಕೇರಿಯ ಮಳೆಗಾಲದ ಚಳಿಗೆ ಗಾಢ ಫಾರ್ಮಲಿನ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಅದು ಗಟ್ಟಿಯಾದ ಫಾರ್ಮಾಲ್ಡಿಹೈಡೇ. ಮೇಲಿನ ತಿಳಿಯನ್ನು ಬಸಿದು ಬೆರೆಸಿದರೆ ಹೆಸರಿಗೆ 10 ಪರ್ಸೆಂಟ್, ನಿಜಕ್ಕೆ ಅದಕ್ಕಿಂತ ತೆಳು. ಹೊಸ ಬಾಟಲಿ ತರಿಸಿ, ಕೋಣೆಯ ಬೆಚ್ಚನೆಯ ಮೂಲೆಯಲ್ಲಿಡಿ, ಫ್ರಿಜ್ಜಿನಲ್ಲಿ ಬೇಡ. ಚಳಿಯಲ್ಲಿ ಫಾರ್ಮಲಿನ್ ಒಳಗಿಳಿಯುವುದೂ ನಿಧಾನ, ಹಾಗಾಗಿ ಕಕ್ಕಡದ (ಜುಲೈ-ಆಗಸ್ಟಿನ) ತಿಂಗಳಲ್ಲಿ ಇವತ್ತು ಹಾಕಿದ ತುಂಡನ್ನು ಇವತ್ತೇ ಪ್ರೊಸೆಸ್ ಮಾಡಿ ಎಂದು ಲ್ಯಾಬಿನವರನ್ನು ಅವಸರಪಡಿಸಬೇಡಿ. ಸಣ್ಣ ತುಂಡಿಗೂ ಆರು ಗಂಟೆ ಬೇಕು. ಒಂದು ದಿನ ಕೊಟ್ಟರೆ ಒಳ್ಳೆಯದು.

ತುಂಡಿನ ಹತ್ತರಿಂದ ಇಪ್ಪತ್ತು ಪಟ್ಟು ದ್ರವ ಇರಲಿ. ಬಾಯಿ ಅಗಲದ ಪ್ಲಾಸ್ಟಿಕ್ ಡಬ್ಬಿ ಬಳಸಿ. ಇಂಜೆಕ್ಷನ್ ಬಾಟಲಿಗೆ ತುರುಕಿದ ತುಂಡು ಗಟ್ಟಿಯಾದ ಮೇಲೆ ಹೊರಗೆ ಬಾರದು. ಸಲೈನ್, ಸ್ಪಿರಿಟ್, ಬರೀ ನೀರು ಯಾವುದೂ ಆಗದು. ಚಿಕ್ಕ ತುಂಡನ್ನು ಗಾಜ್ ಬಟ್ಟೆಯಲ್ಲಿ ಸುತ್ತಬೇಡಿ, ನೂಲಿನ ಸಂದಿಗೆ ಸೇರಿ ಕಾಣೆಯಾಗುತ್ತದೆ. ಕಂಜಂಕ್ಟೈವಾದ ತೆಳು ತುಂಡನ್ನು ಫಿಲ್ಟರ್ ಪೇಪರಿನ ಮೇಲೆ ಕತ್ತರಿಸಿದ ಮೈ ಕೆಳಗಾಗಿ ಹರಡಿ, ಅರ್ಧ ನಿಮಿಷ ಅಂಟಿಕೊಳ್ಳಲು ಬಿಟ್ಟು, ಪೇಪರಿನ ಸಮೇತ ಇಳಿಸಿ. ಹಾಗೆ ಮಾಡದಿದ್ದರೆ ಸುರುಟಿ ಉಂಡೆಯಾಗುತ್ತದೆ.

ಪೂರ್ತಿ ತೆಗೆದ ತುಂಡಿಗೆ ದಾರದ ಗುರುತು ಹಾಕಿ: ಮೇಲ್ಗಡೆಗೆ ಗಿಡ್ಡ ದಾರ, ಹೊರಬದಿಗೆ ಉದ್ದ ದಾರ. ಚೀಟಿಯಲ್ಲಿ ಒಂದು ಕಣ್ಣು ಬಿಡಿಸಿ ತುಂಡು ಎಲ್ಲಿಯದು ಎಂದು ತೋರಿಸಿ. ಚಿತ್ರ ಚೆನ್ನಾಗಿರಬೇಕೆಂದಿಲ್ಲ.

ಹೆಸರು, ವಯಸ್ಸು, ಯಾವ ಕಣ್ಣು, ಮೇಲಿನ ರೆಪ್ಪೆಯೋ ಕೆಳಗಿನದೋ ಇವನ್ನು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಲ್ಯಾಬಿನಲ್ಲಿ ಹತ್ತು ಮುಚ್ಚಳ ಒಟ್ಟಿಗೆ ತೆರೆದಿರುತ್ತವೆ. ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಅಂಟಿಸಿ. ಸೋಮವಾರಪೇಟೆಯಿಂದ ಮಡಿಕೇರಿಗೆ ಮಳೆಯಲ್ಲಿ ಬಂದ ಬ್ಯಾಗಿನೊಳಗೆ ಜೆಲ್ ಪೆನ್ನಿನ ಅಕ್ಷರ ನೀಲಿ ಕಲೆಯಾಗಿ ಉಳಿಯುತ್ತದೆ. ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಕಾಗದವನ್ನು ಬೇರೆ ಚೀಲದಲ್ಲಿಡಿ. 2018ರ ಆಗಸ್ಟಿನಲ್ಲಿ ಆದಂತೆ ಗುಡ್ಡ ಕುಸಿದು ರಸ್ತೆ ನಿಂತರೂ ಫಾರ್ಮಲಿನ್‌ನಲ್ಲಿರುವ ತುಂಡು ಕೆಡುವುದಿಲ್ಲ, ಗಾಬರಿ ಬೇಡ. ಮೂರು ದಿನ ದಾಟಿದರೆ ಇಮ್ಯುನೊ ಬಣ್ಣಗಳು (ಕೋಶದ ನಿರ್ದಿಷ್ಟ ಪ್ರೊಟೀನುಗಳನ್ನು ಗುರುತಿಸುವ ಬಣ್ಣಗಳು) ಮಂಕಾಗಬಹುದು, ಅಷ್ಟೇ. ಯಾವ ದಿನ, ಎಷ್ಟು ಗಂಟೆಗೆ ಹಾಕಿದ್ದು ಎಂದು ಬರೆದಿದ್ದರೆ ಲ್ಯಾಬಿನವರು ಅದಕ್ಕೆ ತಕ್ಕಂತೆ ನೋಡಿಕೊಳ್ಳುತ್ತಾರೆ.

ಚೀಟಿಯಲ್ಲಿ ‘ಐ ಲಿಡ್ ಸ್ವೆಲಿಂಗ್, ಹೆಚ್‌ಪಿಇಗೆ’ (ರೆಪ್ಪೆಯ ಊತ, ಸೂಕ್ಷ್ಮದರ್ಶಕ ಪರೀಕ್ಷೆಗೆ) ಎಂದು ಬರೆದು ಮುಗಿಸುವುದು ಸೋಮಾರಿತನ. ‘ಬಲಗಣ್ಣಿನ ಮೇಲ್ರೆಪ್ಪೆ, 62 ವರ್ಷ, 8 ಮಿ.ಮೀ., ಎರಡು ಸಲ ಕೆಲೇಜಿಯನ್ ಎಂದು ಕೆರೆದಿದೆ, ಕೂದಲು ಉದುರಿದೆ, ಸೆಬೇಶಿಯಸ್ ಕಾರ್ಸಿನೋಮ ಅನುಮಾನ, ಕೊಬ್ಬಿನ ಬಣ್ಣ ಹಾಕುವುದಿದ್ದರೆ ಪ್ರೊಸೆಸಿಂಗಿಗೆ ಮುಂಚೆ’ ಎಂದು ಬರೆಯಿರಿ. ಕೊನೆಯ ಮಾತಿಗೆ ಕಾರಣವಿದೆ. ಕೋಶದೊಳಗಿನ ಕೊಬ್ಬನ್ನು ಫಾರ್ಮಲಿನ್ ಕರಗಿಸುವುದಿಲ್ಲ. ಮುಂದಿನ ಹಂತದ, ಅಂದರೆ ತುಂಡನ್ನು ಮೇಣದಲ್ಲಿ ಕೂರಿಸುವ ಮುಂಚಿನ ಪ್ರೊಸೆಸಿಂಗಿನ, ಆಲ್ಕೋಹಾಲ್ ಮತ್ತು ಜೈಲೀನ್ ಕರಗಿಸುತ್ತವೆ. ಮೇಣದಲ್ಲಿ ಕೂತ ಮೇಲೆ ಆಯಿಲ್ ರೆಡ್ ಓ ಎಂಬ ಕೊಬ್ಬಿನ ಬಣ್ಣ ಹಾಕಿ ಎಂದರೆ ಬಣ್ಣ ಹಿಡಿಯಲು ಕೊಬ್ಬೇ ಇರುವುದಿಲ್ಲ.

ಲ್ಯಾಬಿನ ಹಲಗೆಯ ಮೇಲೆ

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯಾಗಲಿ, ಮೈಸೂರಾಗಲಿ, ಕ್ರಮ ಒಂದೇ. ಮೂರು ಅಳತೆ ಬರೆದು, ಅಂಚುಗಳಿಗೆ ಶಾಯಿ ಹಚ್ಚಿ. ಒಳಬದಿಗೆ ಒಂದು ಬಣ್ಣ, ಹೊರಬದಿಗೆ ಇನ್ನೊಂದು. ಕತ್ತರಿಸುವ ಮೊದಲು ಮೇಲ್ಮೈ ಒರೆಸಿ ಶಾಯಿ ಒಣಗಿಸಿ. ಹಸಿ ಶಾಯಿ ಚಾಕುವಿನ ಜೊತೆ ಒಳಗೆ ಹೋಗಿ ಸುಳ್ಳು ಅಂಚು ಮಾಡುತ್ತದೆ. ಬೆಣೆ ತುಂಡನ್ನು ರೆಪ್ಪೆಯ ಅಂಚಿಗೆ ಲಂಬವಾಗಿ 2–3 ಮಿ.ಮೀ. ಹೋಳುಗಳಾಗಿ ಕತ್ತರಿಸಿ. ಪ್ರತಿ ಹೋಳಿನಲ್ಲೂ ಚರ್ಮ, ಟಾರ್ಸಸ್, ಕಂಜಂಕ್ಟೈವಾ ಮೂರೂ ಕಾಣಬೇಕು. ಹಾಗೆ ನಿಲ್ಲಿಸಿ ಮೇಣ ಹಾಕಬೇಕು. ಮಲಗಿಸಿದರೆ ಬರೀ ಚರ್ಮದ ಚೂರು ಸಿಕ್ಕಿ ಉಳಿದದ್ದೆಲ್ಲ ಬ್ಲಾಕಿನಲ್ಲೇ ಉಳಿಯುತ್ತದೆ. ಎರಡೂ ತುದಿಯ ಹೋಳುಗಳು ಬೇರೆ ಬೇರೆ ಕ್ಯಾಸೆಟ್ಟಿಗೆ (ಲ್ಯಾಬಿನ ಪುಟ್ಟ ಜಾಲರಿ ಡಬ್ಬಿಗೆ). 4 ಮೈಕ್ರಾನ್ ದಪ್ಪ, ಚಿಕ್ಕ ತುಂಡಾದರೆ ಕನಿಷ್ಠ ಮೂರು ಮಟ್ಟಗಳಲ್ಲಿ.

ಕಪ್ಪು ಕಣಗಳು ಮೆಲನಿನ್ನೋ ಫಾರ್ಮಲಿನ್ ಕೊಳೆಯೋ ಎಂಬ ಅನುಮಾನ ಬಂದರೆ ಒಂದು ಸ್ಲೈಡನ್ನು ಆಲ್ಕೋಹಾಲಿನಲ್ಲಿ ಸಾಂದ್ರವಾಗಿ ಕರಗಿಸಿದ ಪಿಕ್ರಿಕ್ ಆಮ್ಲದಲ್ಲಿ ಇಡಿ. ಕೊಳೆಯಾದರೆ ಹೋಗುತ್ತದೆ, ಮೆಲನಿನ್ ಉಳಿಯುತ್ತದೆ. ಪಿಕ್ರಿಕ್ ಆಮ್ಲವನ್ನು ಒಣಗಲು ಬಿಡಬೇಡಿ, ಒಣಗಿದರೆ ಸ್ಫೋಟಿಸಬಲ್ಲದು.

ಸೂಕ್ಷ್ಮದರ್ಶಕದಲ್ಲಿ

ಮೊದಲು ಕಡಿಮೆ ಶಕ್ತಿಯ ಮಸೂರ. ಅವಸರಕ್ಕೆ 40 ಪಟ್ಟಿನ ಮಸೂರಕ್ಕೆ ಹಾರುವವರೇ ಕೆಲೇಜಿಯನ್ನನ್ನೂ ಸೆಬೇಶಿಯಸ್ಸನ್ನೂ ಅದಲುಬದಲು ಮಾಡುವುದು. ಕೆಲೇಜಿಯನ್ನಿನಲ್ಲಿ ದುಂಡನೆಯ ಖಾಲಿ ರಂಧ್ರಗಳು ಕಾಣುತ್ತವೆ. ಅಲ್ಲಿದ್ದ ಕೊಬ್ಬು ಕರಗಿ ಹೋಗಿದೆ. ಪ್ರತಿ ರಂಧ್ರದ ಸುತ್ತ ನ್ಯೂಟ್ರೋಫಿಲ್, ಎಪಿಥೀಲಿಯಾಯ್ಡ್ ಕೋಶಗಳು, ದೈತ್ಯಕೋಶಗಳು, ಹೊರಗೆ ಲಿಂಫೋಸೈಟ್ ಉಂಗುರ. ಕೊಬ್ಬು ಇರುವುದು ಕೋಶದ ಹೊರಗೆ. ಸೆಬೇಶಿಯಸ್ ಕಾರ್ಸಿನೋಮದಲ್ಲಿ ಕೊಬ್ಬು ಕೋಶದೊಳಗೆ: ಸಣ್ಣ ಸಣ್ಣ ಗುಳ್ಳೆಗಳಿಂದ ತುಂಬಿ ನೊರೆಯಾದ ಕೋಶದ್ರವ, ಗುಳ್ಳೆಗಳು ಒತ್ತಿ ಚಿಪ್ಪಾದ ಕೋಶಕೇಂದ್ರ, ಎದ್ದು ಕಾಣುವ ನ್ಯೂಕ್ಲಿಯೋಲಸ್, ಎಲ್ಲೆಲ್ಲೂ ಮೈಟೋಸಿಸ್ (ಒಡೆದು ಎರಡಾಗುತ್ತಿರುವ ಕೋಶಗಳು). ಗುಂಪುಗಳ ನಡುವೆ ಸತ್ತ ಕೋಶಗಳ ಗುಲಾಬಿ ಕೊಳೆ. ಅರೆಬರೆ ಬೆಳೆದ ಗಡ್ಡೆಯಲ್ಲಿ ನೊರೆಕೋಶ ಅಲ್ಲೊಂದು ಇಲ್ಲೊಂದು ಮಾತ್ರ, ಹುಡುಕಬೇಕು. ಇನ್ನೊಂದು ಎಚ್ಚರ: ಕ್ಯಾನ್ಸರ್ ಗ್ರಂಥಿಯ ಬಾಯಿ ಕಟ್ಟಿದಾಗ ಪಕ್ಕದಲ್ಲೇ ನಿಜವಾದ ಕೆಲೇಜಿಯನ್ ಕೂಡ ಆಗಬಹುದು. ಆದ್ದರಿಂದ ‘ಲೈಪೋಗ್ರಾನ್ಯುಲೋಮ’, ಅಂದರೆ ಕೆಲೇಜಿಯನ್ನಿನ ಆ ಚಿತ್ರ, ಸಿಕ್ಕಿತೆಂದು ಸ್ಲೈಡ್ ಕೆಳಗಿಡದೆ ಉಳಿದ ಮಟ್ಟಗಳನ್ನೂ ನೋಡಿ.

ಆಮೇಲೆ ಮೇಲಿನ ಹೊದಿಕೆ. ಒಂದೊಂದೇ ಕ್ಯಾನ್ಸರ್ ಕೋಶ ಚರ್ಮದ ಅಥವಾ ಕಂಜಂಕ್ಟೈವಾದ ಹೊದಿಕೆಯೊಳಗೆ ಚದುರಿದ್ದರೆ ಅದು ಪ್ಯಾಜೆಟಾಯ್ಡ್ ಹರಡುವಿಕೆ. ಕಂಜಂಕ್ಟೈವಾದ ಸಣ್ಣ ತುಂಡಿನಲ್ಲಿ ಇದನ್ನು ‘ಡಿಸ್‌ಪ್ಲೇಸಿಯಾ’ (ಇನ್ನೂ ಕ್ಯಾನ್ಸರ್ ಆಗದ ಕೋಶಬದಲಾವಣೆ) ಎಂದು ಬರೆದುಬಿಡುವ ಅಪಾಯವಿದೆ. ಗೋಚರ ಗಂಟಿನಿಂದ ದೂರದಲ್ಲೂ ಹೀಗೆ ಹರಡಿರುವುದರಿಂದಲೇ ಶಸ್ತ್ರಚಿಕಿತ್ಸೆಗೆ ಮುಂಚೆ ಕಂಜಂಕ್ಟೈವಾದ ಹಲವು ಕಡೆಯಿಂದ 2 ಮಿ.ಮೀ. ತುಂಡುಗಳ ಮ್ಯಾಪ್ ಬಯಾಪ್ಸಿ ಬೇಕಾಗುವುದು. ಒಂದೊಂದು ತುಂಡಿಗೆ ಒಂದೊಂದು ಡಬ್ಬಿ.

ಬೇಸಲ್ ಸೆಲ್ ಕಾರ್ಸಿನೋಮದ ಗುರುತು ಸುಲಭ: ಗಾಢ ನೀಲಿ ಕೋಶಗಳ ದ್ವೀಪ, ಅಂಚಿನ ಕೋಶಗಳು ಬೇಲಿಗೂಟ ನೆಟ್ಟಂತೆ ಸಾಲಾಗಿ, ದ್ವೀಪಕ್ಕೂ ಸುತ್ತಲ ಅಂಗಾಂಶಕ್ಕೂ ನಡುವೆ ಬಿರುಕು. ನಮ್ಮವರಲ್ಲಿ ಇದು ಕಪ್ಪುಬಣ್ಣ ತುಂಬಿ ಬರುವುದೂ ಉಂಟು, ಮೆಲನೋಮ (ಕಪ್ಪುಬಣ್ಣದ ಕೋಶಗಳ ಕ್ಯಾನ್ಸರ್) ಎಂದು ಹೆದರಿಸುತ್ತದೆ. ಕೆಳರೆಪ್ಪೆ ಮತ್ತು ಮೂಗಿನ ಬದಿಯ ಮೂಲೆ ಇದರ ಮಾಮೂಲಿ ಜಾಗ. ಬೇರೆ ಅಂಗಕ್ಕೆ ಹರಡುವುದು ಬಹಳ ಅಪರೂಪ, ಆದರೆ ಮೂಲೆಯಲ್ಲಿದ್ದದ್ದನ್ನು ಬಿಟ್ಟರೆ ಕಣ್ಣುಗೂಡಿನೊಳಗೆ ಕೊರೆಯುತ್ತದೆ.

ಸ್ಕ್ವೇಮಸ್ ಸೆಲ್ಲಿನಲ್ಲಿ ಕೆರಟಿನ್ ಮುತ್ತುಗಳು, ಕೋಶಗಳ ನಡುವೆ ಸೇತುವೆಗಳು. ಕೆಲವೇ ವಾರಗಳಲ್ಲಿ ನಡುವೆ ಕುಳಿಯಿರುವ ಗುಡ್ಡೆಯಾಗಿ ಬೆಳೆದದ್ದು ಕೆರಟೋಅಕಾಂತೋಮ ಇರಬಹುದು. ಮೇಲಿನ ಚೂರು ನೋಡಿ ಇವೆರಡನ್ನು ಬೇರ್ಪಡಿಸಲಾಗದು, ಬುಡಸಹಿತ ಪೂರ್ತಿ ತೆಗೆದ ತುಂಡು ಬೇಕು.

ಸೆಬೇಶಿಯಸ್, ಬೇಸಲ್, ಸ್ಕ್ವೇಮಸ್ ಈ ಮೂರರಲ್ಲಿ ಯಾವುದು ಎಂದು ತೀರ್ಮಾನವಾಗದಿದ್ದರೆ ಇಮ್ಯುನೊ ಬಣ್ಣಗಳು. ಬೆರ್-ಇಪಿ4 ಎಂಬ ಬಣ್ಣ ಹಿಡಿದು ಇಎಂಎ ಎಂಬುದು ಹಿಡಿಯದಿದ್ದರೆ ಬೇಸಲ್ ಸೆಲ್ ಕಡೆಗೆ. ಇಎಂಎ ಹಿಡಿದು ಬೆರ್-ಇಪಿ4 ಹಿಡಿಯದಿದ್ದರೆ ಸ್ಕ್ವೇಮಸ್ ಕಡೆಗೆ. ಇಎಂಎ ಜೊತೆ ಅಡಿಪೋಫಿಲಿನ್, ಆಂಡ್ರೋಜನ್ ರಿಸೆಪ್ಟರ್ ಹಿಡಿದರೆ ಸೆಬೇಶಿಯಸ್. ಅಡಿಪೋಫಿಲಿನ್ ಮೇಣದ ಬ್ಲಾಕಿನಲ್ಲೂ ನಡೆಯುತ್ತದೆ, ಇದೇ ಅದರ ಅನುಕೂಲ. ಗುಳ್ಳೆಗಳ ಸುತ್ತ ಉಂಗುರದಂತೆ ಬಣ್ಣ ಬಂದರೆ ಮಾತ್ರ ನಂಬಿ, ಪುಡಿಪುಡಿಯಾಗಿ ಬಂದರೆ ಲೆಕ್ಕಕ್ಕಿಲ್ಲ. ಮುದುಕರ ಮೇಲ್ರೆಪ್ಪೆಯಲ್ಲಿ ನೋವಿಲ್ಲದೆ ಬೇಗ ಬೆಳೆದ ನೇರಳೆಗೆಂಪು ಗಂಟಿನಲ್ಲಿ ಸಣ್ಣ ನೀಲಿ ಕೋಶಗಳಿದ್ದರೆ ಸಿಕೆ20 ಎಂಬ ಇಮ್ಯುನೊ ಬಣ್ಣ ಹಾಕಿಸಿ. ಕೋಶಕೇಂದ್ರದ ಪಕ್ಕ ಚುಕ್ಕೆಯಂತೆ ಹಿಡಿದರೆ ಮರ್ಕೆಲ್ ಸೆಲ್ ಕಾರ್ಸಿನೋಮ.

ವರದಿ ಕೈಗೆ ಬಂದ ಮೇಲೆ

ಮೊದಲು ರೋಗದ ಹೆಸರಲ್ಲ, ಕಣ್ಣಿನ ಬದಿ ನೋಡಿ. ಎಡ-ಬಲ ತಪ್ಪಿದ ವರದಿಯನ್ನು ತಿದ್ದಿಸದೆ ಮುಂದುವರಿಯಬೇಡಿ. ಎರಡನೆಯದು ಅಂಚು. ‘ಅಂಚಿನಲ್ಲಿ ಗಡ್ಡೆ ಇಲ್ಲ’ ಎಂದಷ್ಟೇ ಇದ್ದರೆ ಎಷ್ಟು ಮಿಲಿಮೀಟರ್ ದೂರ ಎಂದು ಫೋನ್ ಮಾಡಿ ಕೇಳಿ. ಬೇಸಲ್ ಸೆಲ್ಲಿಗೆ 3–4 ಮಿ.ಮೀ., ಸೆಬೇಶಿಯಸ್ಸಿಗೆ 5 ಮಿ.ಮೀ. ಒಳ್ಳೆಯ ಅಂಗಾಂಶ ಬಿಟ್ಟು ಕತ್ತರಿಸುವುದು ರೂಢಿ. ಫ್ರೋಜನ್ ಸೆಕ್ಷನ್ (ತುಂಡನ್ನು ಹೆಪ್ಪುಗಟ್ಟಿಸಿ ಕೂಡಲೇ ಸ್ಲೈಡ್ ಮಾಡುವ ವ್ಯವಸ್ಥೆ) ಇರುವ ಕಡೆ ರೋಗಿ ಮೇಜಿನ ಮೇಲಿರುವಾಗಲೇ ಅಂಚನ್ನು ಪರೀಕ್ಷಿಸುತ್ತಾರೆ. ಫಾರ್ಮಲಿನ್ನಿನಲ್ಲಿ ತುಂಡು ಕುಗ್ಗುತ್ತದೆ, ಆದ್ದರಿಂದ ವರದಿಯ ಅಳತೆ ನಿಮ್ಮದಕ್ಕಿಂತ ಕಡಿಮೆ ಇದ್ದರೆ ತಪ್ಪೇನಿಲ್ಲ.

‘ಟಿ’ ಎಂದು ಬರೆದಿರುವುದು ಗಾತ್ರದ ದರ್ಜೆ. 10 ಮಿ.ಮೀ. ಒಳಗೆ ಟಿ1, 20ರೊಳಗೆ ಟಿ2, 30ರೊಳಗೆ ಟಿ3. ಪಕ್ಕದ ಅಕ್ಷರ ಆಳದ್ದು: ಟಾರ್ಸಸ್ಸಾಗಲಿ ರೆಪ್ಪೆಯ ಅಂಚಾಗಲಿ ಮುಟ್ಟದಿದ್ದರೆ ಎ, ಮುಟ್ಟಿದ್ದರೆ ಬಿ, ಪೂರ್ಣ ದಪ್ಪ ದಾಟಿದ್ದರೆ ಸಿ. ಕಣ್ಣುಗುಡ್ಡೆ, ಕಣ್ಣುಗೂಡು, ಮುಖದ ಅಂಗಾಂಶ ಸೇರಿದ್ದರೆ ಟಿ4. ಸೆಬೇಶಿಯಸ್, ಸ್ಕ್ವೇಮಸ್, ಮರ್ಕೆಲ್ ಎಂದು ಬಂದವರಿಗೆ ಕಿವಿಯ ಮುಂದಿನ ಮತ್ತು ಕುತ್ತಿಗೆಯ ದುಗ್ಧಗ್ರಂಥಿಗಳ ಅಲ್ಟ್ರಾಸೌಂಡ್ ಆಗಲೇಬೇಕು. ಸೆಬೇಶಿಯಸ್ ಬಂದವರಲ್ಲಿ ತಮಗೋ ಮನೆಯವರಿಗೋ ಕರುಳಿನ ಕ್ಯಾನ್ಸರ್ ಆಗಿದೆಯೇ ಎಂದೂ ವಿಚಾರಿಸಿ. ಕೆಲವು ಕುಟುಂಬಗಳಲ್ಲಿ ಇವೆರಡೂ ಒಂದೇ ಜೀನ್ ದೋಷದಿಂದ ಬರುತ್ತವೆ.

ವರದಿ ‘ಕೆಲೇಜಿಯನ್’ ಎಂದು ಬಂದು, ಗಂಟು ಅದೇ ಜಾಗದಲ್ಲಿ ಮತ್ತೆ ಎದ್ದರೆ ವರದಿಗಿಂತ ಗಂಟನ್ನು ನಂಬಿ. ಇನ್ನೊಂದು ಬಯಾಪ್ಸಿ, ಈ ಸಲ ಪೂರ್ಣ ದಪ್ಪದ್ದು.

ಮುಂದಿನ ಚಿಕಿತ್ಸೆಗೆ ರೋಗಿ ಮೈಸೂರಿಗೋ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೊರಟರೆ ವರದಿಯ ಕಾಗದವೊಂದೇ ಸಾಲದು. ಸ್ಲೈಡುಗಳ ಜೊತೆ ಮೇಣದ ಬ್ಲಾಕನ್ನೂ ರಸೀದಿ ಬರೆಸಿ ಕೊಡಿಸಿ. ಅಲ್ಲಿ ಹೊಸ ಬಣ್ಣ ಹಾಕಬೇಕಾದರೆ ಬ್ಲಾಕಿನಿಂದಲೇ ಆಗಬೇಕು. ಬಸ್ಸಿನ ಕಿಟಕಿಯ ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅದನ್ನು ಇಡಬಾರದು ಎಂದು ಮನೆಯವರಿಗೆ ಬಿಡಿಸಿ ಹೇಳಿ, ಮೇಣ ಮೆತ್ತಗಾಗುತ್ತದೆ. ಸ್ಲೈಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬ್ಲಾಕನ್ನು ಬಟ್ಟೆಯ ನಡುವೆ ಕೈಚೀಲದಲ್ಲಿ ಇಟ್ಟುಕೊಂಡು ಹೋಗಲಿ.